ನೀರು ಎಲ್ಲಿ ನಿಂತಿದೆ?

ಹುಣಸೂರು ತಾಲ್ಲೂಕು. ಹನಗೋಡು ಅಣೆಕಟ್ಟೆಯಿಂದ ಲಕ್ಷ್ಮಣತೀರ್ಥದ ನೀರು ನಾಲೆಯಲ್ಲಿ ಹರಿದು ಬರುವ ಒಂದು ಊರು. ರೋಹಿಣಿ ಮಳೆ ಮುಗಿದು ಮೃಗಶಿರೆ ಹಿಡಿದಿದೆ. ಹೊಗೆಸೊಪ್ಪಿನ ನಾಟಿ ಮುಗಿಸಿ ಕೂತಿರುವ ದೊಡ್ಡಪ್ಪ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಕಡೆ ತಿರುಗಿ ಮನೆಗಳಿಗೆ ಇಂಟರ್‌ನೆಟ್ ಜೋಡಿಸುವ, ಕೆಟ್ಟರೆ ಸರಿಮಾಡುವ ತಮ್ಮನ ಮಗಳು. ಭಾನುವಾರ ಮಧ್ಯಾಹ್ನ.

ದೊಡ್ಡಪ್ಪ: ಬೈಕು ಜಗಲಿ ಪಕ್ಕಕ್ಕೆ ಹಾಕವ್ವ, ಮೋಡ ಕಟ್ಟದೆ. ನಿಮ್ಮ ದೊಡ್ಡಮ್ಮ ಮುದ್ದೆಗೆ ಎಸರಿಟ್ಟವ್ಳೆ, ಅಷ್ಟರಲ್ಲಿ ಈ ಕಂಪ್ಯೂಟರ್ ಒಂದು ನೋಡಿಬುಡು. ನೆಟ್ಟು ನಿಂತು ಹದಿನೈದು ದಿವ್ಸ ಆಯ್ತು.

ಮಗಳು: ಸಾಯಂಕಾಲ ಅಣ್ಣನ ಫೋನ್ ಬರೋ ದಿನ ಅಲ್ವಾ ಇವತ್ತು?

ದೊಡ್ಡಪ್ಪ: ಆರು ಗಂಟೆಗೆ. ಹೋದ ಎರಡು ಭಾನುವಾರವೂ ಮೊಬೈಲಲ್ಲೇ ಮಾತಾಡ್ಸಿದೆ. ಪೊರೆ ತೆಗೆಸಿದ ಮೇಲೂ ನಿಮ್ಮ ದೊಡ್ಡಮ್ಮಂಗೆ ಅಂಗೈ ಅಗಲದ ಪರದೇಲಿ ಮಗು ಮುಖ ಸರಿಯಾಗಿ ಕಾಣಲ್ಲ. 'ಧ್ವನಿ ಕೇಳ್ತಲ್ಲ, ಸಾಕು ಬುಡಿ' ಅಂತಾಳೆ. ಸಾಕಾಗಿಲ್ಲ ಅಂತ ನಂಗೊತ್ತಿಲ್ವಾ?

ಮಗಳು: ಮುಟ್ಟೋಕೆ ಮುಂಚೆ ನಂಗೆ ಕತೆ ಬೇಕು ದೊಡ್ಡಪ್ಪ. ಯಾವತ್ತಿನಿಂದ ನಿಂತಿತು, ಅವತ್ತು ಏನೇನಾಯ್ತು, ಆಮೇಲೆ ಯಾರ್ಯಾರು ಕೈ ಹಾಕಿದರು.

ದೊಡ್ಡಪ್ಪ: ರೋಹಿಣಿ ಮಳೇಲಿ ಪಕ್ಕದ ಮನೆ ತೆಂಗಿನಮರಕ್ಕೆ ಸಿಡಿಲು ಹೊಡೀತು ನೋಡು, ಅವತ್ತಿಂದ. ಸುಳಿ ಹಂಗೇ ಕರಕಲಾಗದೆ. ಮಾರನೇ ದಿವ್ಸ ಹಚ್ಚಿದರೆ ನೆಟ್ಟಿಲ್ಲ. ಊರಲ್ಲಿ ಒಬ್ಬ ಹುಡುಗ ಬಂದು ಆ ಬಿಳೀ ವೈಫೈ ಡಬ್ಬಿ ಹಿಂದೆ ಪಿನ್ನು ಚುಚ್ಚಿದ. ಆಮೇಲೆ ಮೊಬೈಲಿಗೂ ಬರ್ದಂಗಾಯ್ತು. ಕೇಬಲ್ಲಿನವರು ಬಂದು ಸರಿಮಾಡಿ ಹೋದ್ರು, ಮೊಬೈಲಿಗೆ ಬಂತು, ಇದಕ್ಕೆ ಮಾತ್ರ ಇಲ್ಲ. ಪೇಟೆಲಿ ಒಂದು ಅಂಗಡಿಯವರು ವೈಫೈ ಹಿಡಿಯೋ ಗುಂಡಿ ಕೆಟ್ಟದೆ ಅಂತ ಹೊಸದು ಕೊಟ್ರು. ಹಾಕಿದೆ, ಬರ್ನಿಲ್ಲ. ಇನ್ನೊಬ್ಬರು, ಸಿಡಿಲಿಗೆ ಬೋರ್ಡೇ ಹೋಗಿರ್ತದೆ, ಬೇರೆ ಕಂಪ್ಯೂಟರೇ ತಗೊಳ್ಳಿ ಅಂದ್ರು.

ಮಗಳು: ಪಿನ್ನು ಚುಚ್ಚೋದು ಅಂತೀರಲ್ಲ, ನಾನು ಹೋದ ಮನೆಗಳಲ್ಲಿ ಅರ್ಧಕ್ಕರ್ಧ ಕಡೆ ನೋಡೋದು ಅದನ್ನೇ. ಸ್ವಿಚ್ ಆರಿಸಿ ಹಾಕೋದು ಬೇರೆ, ಆ ಪಿನ್ನಿನ ತೂತು ಬೇರೆ. ಆರಿಸಿ ಒಂದು ನಿಮಿಷ ಬಿಟ್ಟು ಹಾಕಿದರೆ ಡಬ್ಬಿ ಮಲಗಿ ಎದ್ದ ಹಾಗೆ, ಗೊತ್ತಿರೋದೆಲ್ಲ ಗೊತ್ತಿರುತ್ತೆ. ಪಿನ್ನು ಚುಚ್ಚಿ ಹತ್ತು ಎಣಿಸಿದರೆ ಅದು ಕಾರ್ಖಾನೆಯಿಂದ ಬಂದ ದಿನಕ್ಕೆ ಹೋಗಿಬಿಡುತ್ತೆ. ನಿಮ್ಮ ವೈಫೈ ಹೆಸರು, ಗುಟ್ಟಿನ ಪದ, ಲೈನಿಗೆ ಕೊಟ್ಟ ಯೂಸರ್ ನೇಮು, ಎಲ್ಲಾ ಅಳಿಸಿ ಹೋಗುತ್ತೆ. ಎಷ್ಟೋ ಮನೇಲಿ ಸಣ್ಣದೊಂದು ತೊಂದರೆ ಇರುತ್ತೆ, ಇದೊಂದು ಸೇರಿ ದೊಡ್ಡದಾಗುತ್ತೆ. ಆ ಯೂಸರ್ ನೇಮು, ಪಾಸ್‌ವರ್ಡು ಎಲ್ಲಾದ್ರೂ ಬರೆದಿಟ್ಟಿದ್ದೀರಾ?

ದೊಡ್ಡಪ್ಪ: ಕ್ಯಾಲೆಂಡರ್ ಹಿಂದೆ ಅದೆ. ಕೇಬಲ್ಲಿನವರು ಬರೆದು ಹೋದ್ರು.

ಮಗಳು: ವರ್ಷ ಕಳೆದ ಮೇಲೆ ಕ್ಯಾಲೆಂಡರ್ ಒಲೆಗೆ ಹೋಗುತ್ತೆ. ಪಹಣಿ, ಪಾಸ್‌ಬುಕ್ ಇಡೋ ಪೆಟ್ಟಿಗೇಲಿ ಒಂದು ಚೀಟಿ ಹಾಕಿ.

ದೊಡ್ಡಪ್ಪ: ಆಯ್ತವ್ವ. ಸಿಡಿಲಿನ ಮಾತು ಹೇಳು. ಬೋರ್ಡ್ ಸುಟ್ಟದಾ?

ಮಗಳು: ಈಗಲೇ ಹೇಳಲ್ಲ. ತಾತ ನೀರುಗಂಟಿ ಕೆಲಸ ಮಾಡ್ತಿದ್ದರಲ್ಲ, ಕೊನೇ ಗದ್ದೆಯವರು ನೀರು ಬರಲಿಲ್ಲ ಅಂತ ಬಂದರೆ ಮೊದಲು ಏನು ಮಾಡ್ತಿದ್ದರು?

ದೊಡ್ಡಪ್ಪ: ಗುದ್ದಲಿ ಹೆಗಲಿಗೆ ಹಾಕ್ಕೊಂಡು ಹೊರಡೋರು. ಅಗೆಯೋರಲ್ಲ, ಬರೀ ನಡೆಯೋರು. ತೂಬಿನ ಹತ್ರ ನೀರದೆಯಾ, ನೋಡೋರು. ಅದೆ. ಮೋರಿ ದಾಟಿದ ಮೇಲೆ ಅದೆಯಾ? ಅದೆ. ಕವಲಿನ ಹತ್ರ? ಇಲ್ಲ. ಹಂಗಾದ್ರೆ ಮೋರಿಗೂ ಕವಲಿಗೂ ನಡುವೆ. ಅಲ್ಲಿ ಗುದ್ದಲಿ ಇಳೀತಿತ್ತು. 'ನೀರು ಎಲ್ಲಿ ನಿಂತದೆ ಅಂತ ಗೊತ್ತಾಗೋವರೆಗೂ ಮಣ್ಣು ಎತ್ತಬ್ಯಾಡ' ಅನ್ನೋರು ಅಪ್ಪ.

ಮಗಳು: ಇದೂ ಅಷ್ಟೇ. ನಿಮ್ಮ ಕಂಪ್ಯೂಟರಿನಿಂದ ಆ ಡಬ್ಬಿವರೆಗೆ ಗಾಳಿಯಲ್ಲಿ. ಡಬ್ಬಿಯಿಂದ ಕಂಬದವರೆಗೆ, ಕಂಬದಿಂದ ಹುಣಸೂರಿನವರೆಗೆ ಗಾಜಿನ ಎಳೆಯಲ್ಲಿ. ಅಲ್ಲಿಂದ ಲೋಕಕ್ಕೆ. 'ನೆಟ್ ಇಲ್ಲ' ಅನ್ನೋದು ಕೊನೇ ಗದ್ದೆಯವರ ದೂರು. ಎಲ್ಲಿ ನಿಂತಿದೆ ಅಂತ ಅದು ಹೇಳಲ್ಲ. ನಿಮ್ಮ ಮೊಬೈಲ್ ಕೊಡಿ. ಮೊಬೈಲ್ ಡೇಟಾ ಆರಿಸ್ತೀನಿ, ಇಲ್ಲದಿದ್ದರೆ ಟವರಿನಿಂದ ಬಂದದ್ದನ್ನ ವೈಫೈಯಿಂದ ಬಂತು ಅಂತ ಮೋಸ ಹೋಗ್ತೀವಿ. ನೋಡಿ, ನಡುಮನೆಯಲ್ಲಿ ಓಡ್ತಾ ಇದೆ. ಅಂದರೆ ಹುಣಸೂರಿನಿಂದ ಈ ಡಬ್ಬಿವರೆಗೆ ನೀರಿದೆ.

ದೊಡ್ಡಪ್ಪ: ಮೊಬೈಲ್ ಇಲ್ಲದಿದ್ರೆ?

ಮಗಳು: ಡಬ್ಬಿ ದೀಪ ಇದೆಯಲ್ಲ. ಪಿ, ಓ, ಎನ್ ಅಂತ ಬರೆದಿರೋದು ಹಸಿರಾಗಿ ಮಿಟುಕದೆ ಇದ್ದರೆ ಗಾಜಿನ ಎಳೆ ಸರಿಯಿದೆ. ಎಲ್, ಓ, ಎಸ್ ಅನ್ನೋದು ಕೆಂಪಾಗಿ ಮಿಟುಕಿದರೆ ಬೆಳಕು ಬರ್ತಿಲ್ಲ ಅಂತ, ಎಳೆ ಎಲ್ಲೋ ತುಂಡಾಗಿದೆ ಇಲ್ಲ ಮಡಿಸಿಕೊಂಡಿದೆ. ಆಗ ಮನೆಯೊಳಗೆ ಎಷ್ಟು ಗುದ್ದಾಡಿದರೂ ಪ್ರಯೋಜನ ಇಲ್ಲ, ಫೋನ್ ಮಾಡಿ ಕಾಯಬೇಕು. ಆ ಹಳದಿ ದಾರ ಮುಟ್ಟಿ ನೋಡಿ. ಅದರೊಳಗೆ ಗಾಜು, ಮಿಲಿಮೀಟರಿನ ಎಂಟನೇ ಒಂದು ಭಾಗ ದಪ್ಪ. ಕೂದಲೆಳೆಗಿಂತ ಒಂಚೂರು ಹೆಚ್ಚು. ಬೆಳಕು ಓಡೋದು ಅದರ ನಟ್ಟನಡುವೆ, ಒಂಬತ್ತು ಮೈಕ್ರಾನ್ ಅಗಲದಲ್ಲಿ. ಪಿರಿಯಾಪಟ್ಟಣದ ಕಡೆ ಒಬ್ಬರು ಉದ್ದ ಜಾಸ್ತಿಯಾಯ್ತು ಅಂತ ಅದನ್ನ ಮೊಳೆಗೆ ಬಿಗಿಯಾಗಿ ಸುತ್ತಿದ್ದರು. ಸುತ್ತು ಬಿಚ್ಚಿದೆ, ನೆಟ್ ಬಂತು. ಅಂಗೈ ಅಗಲದ ಸುತ್ತಾದರೆ ತೊಂದರೆ ಇಲ್ಲ, ಬೆರಳಿನ ಸುತ್ತ ಸುತ್ತಿದರೆ ಬೆಳಕು ಹೊರಗೆ ಸೋರಿ ಹೋಗುತ್ತೆ. ಕಿತ್ತು ಅದರ ತುದಿಯನ್ನ ಕಣ್ಣಿಗೆ ಹಿಡಿಯೋದು ಮಾತ್ರ ಬೇಡ. ಕಾಣದ ಬೆಳಕು ಅದು, ಕಣ್ಣಿಗೆ ಒಳ್ಳೇದಲ್ಲ.

ದೊಡ್ಡಪ್ಪ: ಸಿಡಿಲು ಈ ದಾರ ಹಿಡ್ಕೊಂಡು ಒಳಗೆ ಬರಲ್ವಾ? ಹಿಂದೆ ಫೋನಿನ ತಂತಿಲಿ ನೆಟ್ ಬರ್ತಿದ್ದಾಗ ಎರಡು ಡಬ್ಬಿ ಸುಟ್ಟವು.

ಮಗಳು: ಅದು ತಾಮ್ರ. ಇದು ಗಾಜು, ವಿದ್ಯುತ್ ಹರಿಯಲ್ಲ. ಈಗ ಸಿಡಿಲು ಬರೋದು ಗೋಡೆಯ ಪ್ಲಗ್ಗಿನಿಂದ. ಗುಡುಗಿನ ದಿನ ನೀವೇನು ಮಾಡ್ತೀರಿ?

ದೊಡ್ಡಪ್ಪ: ಅವತ್ತಿಂದ ದಿನಾ ರಾತ್ರಿ ಕಂಪ್ಯೂಟರಿನ ಪ್ಲಗ್ಗೇ ಕಿತ್ತಿಡ್ತೀನಿ. ಮೊದಲು ಹಂಗೇ ಬುಡ್ತಿದ್ದೆ.

ಮಗಳು: ಒಳ್ಳೇದು. ಆ ಮಾತು ನೆನಪಿಟ್ಕೊಳ್ತೀನಿ, ಬೇಕಾಗಬಹುದು. ಈಗ ಒಳಕೋಣೆಗೆ ಬನ್ನಿ. ಅಯ್ಯೋ, ಬೀರು ಇಲ್ಲಿ ಬಂತಾ?

ದೊಡ್ಡಪ್ಪ: ಅದೇ ಮಳೇಲಿ ಮೂಲೆ ಹೆಂಚು ಜರುಗಿ ಸೋರ್ತು ಕಣವ್ವ. ಸೀರೆ ಎಲ್ಲಾ ನೆನೀತದೆ ಅಂತ ನಾಕು ಜನ ಸೇರಿ ಈ ಗೋಡೆಗೆ ತಳ್ಳಿದ್ವಿ.

ಮಗಳು: ಈ ಗೋಡೆಯ ಆಚೆ ಬದಿಗೆ ಡಬ್ಬಿ ಇದೆ. ಈಚೆ ಬದಿಗೆ ಬೀರು. ಬೀರು ಪಕ್ಕ ಟೇಬಲ್, ಟೇಬಲ್ ಕೆಳಗೆ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ, ಅದರ ಹಿಂಭಾಗದಲ್ಲಿ ನಿಮ್ಮ ಹೊಸ ವೈಫೈ ಗುಂಡಿ, ಉಗುರಿನಷ್ಟು ದೊಡ್ಡದು. ಹಚ್ಚಿ ನೋಡೋಣ. ಕಡ್ಡಿ ಒಂದು, ಒಮ್ಮೊಮ್ಮೆ ಎರಡು. 'ಕನೆಕ್ಟೆಡ್' ಅಂತ ಬರ್ತಾ ಇದೆ, ಹೋಗ್ತಾ ಇದೆ. ಈಗ ಒಂದು ಕೂಗು ಹಾಕ್ತೀನಿ.

ದೊಡ್ಡಪ್ಪ: ಕೂಗೋದಾ?

ಮಗಳು: ಗದ್ದೆ ಈ ತುದಿಯಿಂದ 'ಕೂ' ಅಂದರೆ ಆ ತುದಿಯವರು 'ಕೂ' ಅಂತಾರಲ್ಲ, ಹಂಗೆ. ಇದನ್ನ ಪಿಂಗ್ ಅಂತಾರೆ. 1983ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೈಕ್ ಮೂಸ್ ಅನ್ನೋರು ಇಂಥದ್ದೇ ಒಂದು ತೊಂದರೆ ಹುಡುಕೋಕೆ ಕೂತು ಬರೆದದ್ದು. ನೀರೊಳಗೆ ಹಡಗು ಹುಡುಕೋ ಸೋನಾರಿನ ಸದ್ದಿನಿಂದ ಆ ಹೆಸರು. ಈ ಕಪ್ಪು ಕಿಟಕಿ ತೆಗೆದು ಪಿಂಗ್ ಅಂತ ಹೊಡೆದು ಡಬ್ಬಿಯ ನಂಬರ್ ಕೊಡ್ತೀನಿ, 192.168.1.1. ನಾಲ್ಕು ಸಲ ಕೂಗುತ್ತೆ. ಮೂರಕ್ಕೆ ಉತ್ತರ ಇಲ್ಲ, ಒಂದಕ್ಕೆ ಬಂತು. ಆ ಬಂದದ್ದೂ ಎಂಟುನೂರು ಮಿಲಿಸೆಕೆಂಡಿಗೆ. ಪಕ್ಕದ ಕೋಣೆಯಿಂದ ಎರಡೋ ಮೂರೋ ಮಿಲಿಸೆಕೆಂಡಿಗೆ ಬರಬೇಕಿತ್ತು. ಇಲ್ಲಿ ನೀರು ನಿಂತಿದೆ ದೊಡ್ಡಪ್ಪ, ಡಬ್ಬಿಗೂ ಕಂಪ್ಯೂಟರಿಗೂ ನಡುವೆ.

ದೊಡ್ಡಪ್ಪ: ಹೊಸ ಗುಂಡಿ ಹಾಕಿದೀನಲ್ಲ.

ಮಗಳು: ಹಳೇದು ಇದ್ದ ತೂತಿಗೇ ಹಾಕಿದ್ದೀರಿ. ಕಿವಿ ಸರಿಯಿದ್ದರೂ ಹಂಡೆಯೊಳಗೆ ತಲೆ ಇಟ್ಟು ಕೂತರೆ ಕೇಳಿಸುತ್ತಾ? ಡಬ್ಬಿ ಹೊರಡಿಸೋ ಶಕ್ತಿ ಎಷ್ಟು ಗೊತ್ತಾ, ಒಂದು ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸು. ದೇವರ ಮನೆಯ ಸಣ್ಣ ಬಲ್ಬಿಗೂ ಅದಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಅದು ನಿಮ್ಮ ಒಂದೂವರೆ ಅಡಿ ಮಣ್ಣಿನ ಗೋಡೆ ದಾಟಬೇಕು. ಗೋಡೆ ಒಣಗಿದ್ದರೆ ಹೇಗೋ ದಾಟುತ್ತೆ. ಈಗ ಸೋರಿ ನೆನೆದಿದೆ. ನೀರು ಈ ಅಲೆಯನ್ನ ಕುಡಿದುಬಿಡುತ್ತೆ. ಆಮೇಲೆ ಬೀರು. ಕಬ್ಬಿಣದ ತಗಡು ಕನ್ನಡಿ ಇದ್ದ ಹಾಗೆ, ಬಂದದ್ದನ್ನ ಹಿಂದಕ್ಕೆ ಅಟ್ಟುತ್ತೆ.

ದೊಡ್ಡಪ್ಪ: ಇದೂ ರೇಡಿಯೋ ಅಲೆನೇ ಅಂತೀಯಲ್ಲ, ಇದಕ್ಕೆ ಲೈಸೆನ್ಸು ಬ್ಯಾಡ್ವಾ? ನಮ್ಮಪ್ಪ ರೇಡಿಯೋ ತಂದಾಗ ಪೋಸ್ಟಾಫೀಸಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸ್ಕೊಂಡು ಬರ್ತಿದ್ರು.

ಮಗಳು: ಬೇಡ. 2.4 ಗಿಗಾಹರ್ಟ್ಸ್ ಅನ್ನೋ ಪಟ್ಟಿಯನ್ನ 2005ರ ಜನವರಿಯಲ್ಲಿ ನಮ್ಮ ಸರ್ಕಾರ ಲೈಸೆನ್ಸಿನಿಂದ ಬಿಡಿಸಿತು. ಗೋಮಾಳ ಇದ್ದ ಹಾಗೆ, ಯಾರು ಬೇಕಾದರೂ ದನ ಬಿಡಬಹುದು. ನಾನು ಓದಿದ್ದರಲ್ಲಿ ನಂಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ ದೊಡ್ಡಪ್ಪ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಪ್ರೊಫೆಸರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು, ಆಕಾಶವಾಣಿ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಮನೆಯಿಂದ ಅಲೆ ಬಿಡೋದು ಅವತ್ತು ಇಡೀ ಊರು ಮಾತಾಡೋ ಸಂಗತಿ. ಇವತ್ತು ನಮ್ಮ ಊರಲ್ಲಿ ಮನೆಗೊಂದು ಡಬ್ಬಿ ಅದನ್ನೇ ಮಾಡ್ತಾ ಇದೆ. ಅಲೆ ಕೆಟ್ಟಾಗ ನಾವು ಸಿಟ್ಟಾಗ್ತೀವಿ, ಬರುವಾಗ ಒಂದು ಸಲವೂ ಯೋಚನೆ ಮಾಡಲ್ಲ.

ದೊಡ್ಡಪ್ಪ: ಗೋಮಾಳ ಅಂದ್ಯಲ್ಲ, ದನ ಜಾಸ್ತಿ ಆದ್ರೆ ಹುಲ್ಲೂ ಇರಲ್ಲ.

ಮಗಳು: ಕೆ.ಆರ್. ನಗರದಲ್ಲಿ ಅದೇ ಆಗೋದು. ಒತ್ತೊತ್ತಾಗಿ ಮಹಡಿ ಮನೆ. ಒಂದು ಮನೇಲಿ ನಿಂತು ನೋಡಿದರೆ ಇಪ್ಪತ್ತು ಮೂವತ್ತು ವೈಫೈ ಹೆಸರು. ಆ ಪಟ್ಟಿಯಲ್ಲಿ ಹದಿಮೂರು ಚಾನಲ್ ಅಂತ ಇದೆ, ಆದರೆ ಒಂದಕ್ಕೊಂದು ಬರೀ 5 ಮೆಗಾಹರ್ಟ್ಸ್ ದೂರ. ಒಂದೊಂದು ಡಬ್ಬಿಗೂ ಬೇಕಾಗೋದು 20. ಹಂಗಾಗಿ ಒಬ್ಬರ ಮೇಲೊಬ್ಬರು ಬೀಳದ ಹಾಗೆ ಕೂರೋಕೆ 1, 6, 11 ಈ ಮೂರೇ ಜಾಗ. ಅಲ್ಲಿ ಕಡ್ಡಿ ತುಂಬಾ ಇರುತ್ತೆ, ಸಾಯಂಕಾಲ ಏಳರಿಂದ ಹತ್ತು ಏನೂ ಓಡಲ್ಲ. ಚಾನಲ್ ಬದಲಿಸಿದರೆ, ಇಲ್ಲಾ 5 ಗಿಗಾಹರ್ಟ್ಸಿಗೆ ಹಾಕಿದರೆ ಸರಿಹೋಗುತ್ತೆ.

ದೊಡ್ಡಪ್ಪ: ನಮಗೂ ಆ ಐದು ಹಾಕು ಮತ್ತೆ.

ಮಗಳು: ಈ ಮನೆಗೆ ಆಗಲ್ಲ. 2.4ರ ಅಲೆ ಅರ್ಧ ಗೇಣು ಉದ್ದ. 5ರದ್ದು ಮೂರು ಬೆರಳಿನಷ್ಟು. ಚಿಕ್ಕದು ಹೆಚ್ಚು ಹೊರುತ್ತೆ, ಗೋಡೆ ಬಂದರೆ ಸೋಲುತ್ತೆ. ಒಂದೇ ಕೋಣೆಯವರಿಗೆ ಅದು, ಮಣ್ಣಿನ ಗೋಡೆಯವರಿಗೆ ಇದು. ಎಚ್.ಡಿ. ಕೋಟೆ ಕಡೆ, ಕಾಡಂಚಿನ ಒಂದು ತೋಟದ ಮನೆಗೆ ಕಂಬ ನೆಟ್ಟು ತಟ್ಟೆ ಕಟ್ಟಿ ಗಾಳಿಯಲ್ಲೇ ಎರಡು ಮೈಲಿ ತಂದಿದ್ದರು. ಮಾರ್ಚಿನಲ್ಲಿ ಹಾಕಿದಾಗ ಚೆನ್ನಾಗಿತ್ತು. ಜೂನಿನಲ್ಲಿ ನಿಂತಿತು. ಎರಡು ಸಲ ಹೋಗಿ ತಟ್ಟೆ ಬದಲಿಸಿದರು, ತಂತಿ ಬದಲಿಸಿದರು. ಮೂರನೇ ಸಲ ನಾನು ಹೋದೆ. ಆ ಮನೆಯ ಅಜ್ಜಿ ಹೊರಗೆ ಕೂತಿದ್ದವರು, 'ಆಗ ಆ ದೊಡ್ಡ ಕಂಬ ಕಾಣೋದು ಮಗಾ, ಈಗ ಕಾಣಲ್ಲ' ಅಂದರು. ತೇಗ, ಮತ್ತಿ ಎಲ್ಲ ಬೇಸಿಗೆಯಲ್ಲಿ ಬೋಳಾಗಿದ್ದವು, ಮಳೆ ಬಿದ್ದು ಎಲೆ ತುಂಬಿಕೊಂಡಿದ್ದವು. ಹಸಿ ಎಲೆ ಅಂದರೆ ನೀರಲ್ವಾ. ಹತ್ತು ಅಡಿ ಎತ್ತರ ಏರಿಸಿದ್ವಿ, ಬಂತು. ಅಜ್ಜಿಯನ್ನ ಯಾರೂ ಕೇಳಿರಲಿಲ್ಲ, ಅಷ್ಟೇ.

ದೊಡ್ಡಪ್ಪ: ಕೇಳೋದು ನಮ್ಮವರಿಗೆ ಕಮ್ಮಿ ಕಣವ್ವ. ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಾಕ್ತೀವಲ್ಲ, ಕೊನೇಲಿ ದಂಟು ಒಣಗೋಕೆ 160 ಡಿಗ್ರಿ ಫ್ಯಾರನ್‌ಹೀಟ್ ಬೇಕು. ಒಂದು ವರ್ಷ ಏರ್ನೇ ಇಲ್ಲ. ಸೌದೆ ಸುರಿದ್ವಿ, ಸುರಿದ್ವಿ. ನಮ್ಮ ಆಳು ಒಳಗಿಂದ ಬಂದವನು 'ಗೌಡ್ರೆ, ಉಸಿರು ಎಳೆಯೋಕೆ ಆಯ್ತಿಲ್ಲ, ಅಷ್ಟು ಸೆಕೆ' ಅಂದ. ಥರ್ಮಾಮೀಟರ್ ಕೆಟ್ಟಿತ್ತು. ಅಷ್ಟೊತ್ತಿಗೆ ಆ ಸಲದ ಸೊಪ್ಪೆಲ್ಲ ಕಪ್ಪಾಗಿ ಹೋಗಿತ್ತು.

ಮಗಳು: ಈ ಕಡ್ಡಿಗಳೂ ಅಂಥ ಥರ್ಮಾಮೀಟರೇ. ಡಬ್ಬಿಯ ಸದ್ದು ಎಷ್ಟು ಜೋರಾಗಿ ಕೇಳ್ತಾ ಇದೆ ಅಂತ ಮಾತ್ರ ಅವು ತೋರಿಸೋದು. ಡಬ್ಬಿಯಿಂದಾಚೆ ಲೋಕ ಇದೆಯೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ಬನ್ನಿ, ಬೀರು ಈಗ ಎತ್ತೋದು ಬೇಡ. ನನ್ನ ಚೀಲದಲ್ಲಿ ಒಂದು ಉದ್ದ ಯುಎಸ್‌ಬಿ ವೈರಿದೆ. ಗುಂಡಿಯನ್ನ ಪೆಟ್ಟಿಗೆ ಹಿಂದಿನಿಂದ ಕಿತ್ತು ಈ ವೈರಿನ ತುದಿಗೆ ಹಾಕಿ ಬಾಗಿಲ ಚೌಕಟ್ಟಿನ ಮೇಲೆ ಇಡ್ತೀನಿ. ಇಲ್ಲಿಂದ ಡಬ್ಬಿ ನೇರ ಕಾಣುತ್ತೆ. ಕಡ್ಡಿ ನಾಲ್ಕು. ಕೂಗೋಣ. ಎರಡು, ಎರಡು, ಮೂರು, ಎರಡು. ನಾಲ್ಕಕ್ಕೆ ನಾಲ್ಕೂ.

ದೊಡ್ಡಪ್ಪ: ಬಂತಾ! ಅವಳನ್ನ ಕರೀಲಾ?

ಮಗಳು: ತಾಳಿ. ಮೊದಲು ಒಂದು ಪುಟ ತೆಗೀತೀನಿ. ಊಹೂಂ.

ದೊಡ್ಡಪ್ಪ: ಕೆಂಪಾಗಿ ಏನೋ ತ್ರಿಕೋನ ಬಂತು. ಇದ್ಯಾಕೆ? ಅದಲ್ಲ ಅನ್ನಿಸ್ತದೆ ಕಣವ್ವ. ಬೋರ್ಡೇ ಹೋಗಿರ್ಬೇಕು. ವೈರು ತೆಗೆದು ಮೊದಲಿದ್ದಂಗೆ ಇಟ್ಟುಬುಡು.

ಮಗಳು: ಇಲ್ಲೇ ದೊಡ್ಡಪ್ಪ ಎಲ್ಲರೂ ಎಡವೋದು. ನಾನೂ ಎಡವಿದ್ದೀನಿ, ಕೆಲಸ ಕಲಿಯೋ ಮೊದಲ ವರ್ಷ ಎಷ್ಟು ಸಲವೋ. ಒಂದು ಸರಿಮಾಡ್ತೀವಿ, ನೆಟ್ ಬರಲ್ಲ, ಹಂಗಾದರೆ ಅದು ತಪ್ಪೇ ಅಲ್ಲ ಅಂತ ವಾಪಸ್ ಕೆಡಿಸಿ ಬೇರೆ ಕಡೆ ಹುಡುಕ್ತೀವಿ. ತಾತನ ಏಡಿ ಬಿಲದ ಕತೆ ನೀವೇ ನಂಗೆ ಹೇಳಿದ್ದು.

ದೊಡ್ಡಪ್ಪ: ಅದಾ... ಕವಲಿನ ಹತ್ರ ಹೂಳು ತೆಗೆದ್ರು, ಸಾಯಂಕಾಲ ಆದ್ರೂ ಕೊನೇ ಗದ್ದೆಗೆ ನೀರಿಲ್ಲ. ಜನ ಎಲ್ಲ ಬೈದ್ರು, ನೀರುಗಂಟಿ ಸುಳ್ಳು ಹೇಳ್ತಾನೆ, ಮೇಲಿನವರಿಗೆ ಬುಟ್ಟವ್ನೆ ಅಂತ. ಅಪ್ಪ ಕಂದೀಲು ಹಿಡ್ಕೊಂಡು ನೀರಿನ ಜೊತೆಗೇ ನಡೆದ್ರು. ಅರ್ಧ ಮೈಲಿ ಆಚೆ ಏರಿ ಒಳಗೆ ಏಡಿ ಕೊರೆದ ಬಿಲ. ನೀರೆಲ್ಲ ಅಲ್ಲಿ ಇಳಿದು ಹಳ್ಳಕ್ಕೆ ಹೋಗ್ತಿತ್ತು.

ಮಗಳು: ಬೆಳಿಗ್ಗೆ ಅದೇ ಏರಿ ಮೇಲೆ ಓಡಾಡಿದವರಿಗೆ ಯಾಕೆ ಕಾಣಲಿಲ್ಲ?

ದೊಡ್ಡಪ್ಪ: ಬೆಳಿಗ್ಗೆ ಅಲ್ಲಿಗೆ ನೀರೇ ಬಂದಿರಲಿಲ್ಲವಲ್ಲ. ಒಣಗಿದ ನಾಲೇಲಿ ಸೋರಿಕೆ ಹೆಂಗೆ ಕಾಣ್ತದೆ?

ಮಗಳು: ಇಲ್ಲೂ ಎರಡಿದೆ. ಗಾಳಿಯಲ್ಲೇ ನಿಂತಿದ್ದರಿಂದ ಒಂದು ಪುಟವೂ ಈ ಕೆಂಪು ತ್ರಿಕೋನದವರೆಗೆ ಬರ್ತಿರಲಿಲ್ಲ. ಇವತ್ತು ನೀರು ಇಲ್ಲಿವರೆಗೆ ಬಂದದ್ದಕ್ಕೇ ಎರಡನೇ ತೂತು ಕಂಡದ್ದು. ಅದಕ್ಕೆ ಆ ಅಂಗಡಿಯವರನ್ನೂ ನಾನು ಪೂರಾ ತಪ್ಪು ಅನ್ನಲ್ಲ, ಅವರಿಗೆ ಇದು ಕಂಡೇ ಇಲ್ಲ. ಈಗ ಮುಂದೆ ನಡೆಯೋಣ. ಡಬ್ಬಿ ಆಚೆಗೆ ಕೂಗ್ತೀನಿ, 8.8.8.8. ಇದು ಗೂಗಲ್ಲಿನವರದು, ಲೋಕದಲ್ಲಿ ಎಲ್ಲರೂ ಕೂಗಿ ನೋಡೋ ನಂಬರು. ನಾಲ್ಕಕ್ಕೆ ನಾಲ್ಕು ಬಂತು. ಅಂದರೆ ಲೋಕದವರೆಗೆ ದಾರಿ ಇದೆ. ಇನ್ನು ನಂಬರ್ ಬದಲು ಹೆಸರು ಹಿಡಿದು ಕೂಗ್ತೀನಿ. ಅದೂ ಬಂತು.

ದೊಡ್ಡಪ್ಪ: ಹೆಸರಿಗೂ ನಂಬರಿಗೂ ಏನು ವ್ಯತ್ಯಾಸ?

ಮಗಳು: ನೀವು 'ಹೊಳೆ ಪಕ್ಕದ ಹೊಲ' ಅಂದರೆ ಶಾನುಭೋಗರು ಕಡತ ತೆಗೆದು ಸರ್ವೆ ನಂಬರ್ ಹೇಳ್ತಿದ್ದರಲ್ಲ. ನೆಟ್ಟಿನಲ್ಲಿ ಆ ಕೆಲಸ ಮಾಡೋದು ಡಿಎನ್‌ಎಸ್. ನಂಬರಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಶಾನುಭೋಗರು ರಜೆ. ಇಲ್ಲಿ ಅವರು ಕೂತಿದ್ದಾರೆ. ಕಂಪ್ಯೂಟರಿಗೂ ಒಂದು ನಂಬರ್ ಇರಬೇಕು, ಅದನ್ನ ಕೊಡೋದು ಡಬ್ಬಿ. ಕೊಡದಿದ್ದರೆ ಕಂಪ್ಯೂಟರ್ ತಾನೇ 169.254 ಅಂತ ಶುರುವಾಗೋ ನಂಬರ್ ಹಾಕ್ಕೊಂಡು ಕೂರುತ್ತೆ, ಪಹಣಿ ಇಲ್ಲದೆ ಬೇಲಿ ಹಾಕ್ಕೊಂಡ ಹಾಗೆ. ಅದೂ ಸರಿಯಿದೆ. ಹಂಗಾದರೆ ಉಳಿದದ್ದು ಈ ಕಂಪ್ಯೂಟರಿನ ತಲೆಯೊಳಗೆ. ಕೆಂಪು ಪುಟ ಏನು ಹೇಳ್ತಾ ಇದೆ ಓದೋಣ. ಎಲ್ಲರೂ ಅದನ್ನ ಓದದೆ ಮುಚ್ತಾರೆ.

ದೊಡ್ಡಪ್ಪ: ಇಂಗ್ಲಿಷು. ಏನಂತದೆ?

ಮಗಳು: ನಿಮ್ಮ ಗಡಿಯಾರ ಹಿಂದಿದೆ ಅಂತ. ಬಲಗಡೆ ಕೆಳಗೆ ಮೂಲೆ ನೋಡಿ, ಕನ್ನಡಕ ಹಾಕ್ಕೊಂಡು.

ದೊಡ್ಡಪ್ಪ: ಒಂದನೇ ತಾರೀಖು, ಜನವರಿ... 2012? ನಾವು ಇದನ್ನ ತಂದ ವರ್ಷ ಅದು!

ಮಗಳು: ಬೆಳಿಗ್ಗೆ ಹಚ್ಚಿದಾಗ ಕಪ್ಪು ಪರದೆಯಲ್ಲಿ ಏನಾದ್ರೂ ಬರೆದು ಬರುತ್ತಾ?

ದೊಡ್ಡಪ್ಪ: ಬರ್ತದೆ. ಎಫ್ ಒನ್ ಒತ್ತಿ ಅಂತ. ಒತ್ತಿದ್ರೆ ಹೋಯ್ತದೆ. ಹದಿನೈದು ದಿವ್ಸದಿಂದ ದಿನಾ ಒತ್ತುತಾ ಇವ್ನಿ. ಇದಕ್ಕೂ ಅದಕ್ಕೂ ಸಂಬಂಧ ಅದೆ ಅಂತ ಹೊಳೀಲೇ ಇಲ್ಲ.

ಮಗಳು: ಅದು ದಿನಾ ನಿಮಗೆ ಇದನ್ನೇ ಹೇಳ್ತಾ ಇತ್ತು. ಪ್ಲಗ್ ಕಿತ್ತಾಗಲೂ ತಾರೀಖು ನೆನಪಿರಲಿ ಅಂತ ಒಳಗೆ ಒಂದು ಸಣ್ಣ ಸೆಲ್ ಇರುತ್ತೆ. ಅದು ಯಾವಾಗಲೋ ಸತ್ತಿದೆ. ಪ್ಲಗ್ ಗೋಡೆಯಲ್ಲೇ ಇರ್ತಿತ್ತಲ್ಲ, ಆ ಕರೆಂಟಿನಲ್ಲೇ ಗಡಿಯಾರ ನಡೀತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಸಿಡಿಲು ಬಿದ್ದ ದಿನದಿಂದ ನೀವು ರಾತ್ರಿ ಪ್ಲಗ್ ಕೀಳೋಕೆ ಶುರು ಮಾಡಿದಿರಿ. ಕಿತ್ತ ಕೂಡಲೇ ಅದು 2012ಕ್ಕೆ ಹೋಗುತ್ತೆ.

ದೊಡ್ಡಪ್ಪ: ತಾರೀಖು ತಪ್ಪಾದ್ರೆ ನೆಟ್ಟಿಗೇನು? ನನ್ನ ಗೋಡೆ ಗಡಿಯಾರವೂ ಹತ್ತು ನಿಮಿಷ ಮುಂದದೆ.

ಮಗಳು: ಬ್ಯಾಂಕು, ಮಾತಾಡೋ ಪುಟ, ಪಹಣಿ ಪುಟ, ಪ್ರತಿಯೊಂದೂ ತೆರೆಯೋ ಮುಂಚೆ ಒಂದು ಸೀಲು ಹಾಕಿದ ಪತ್ರ ತೋರಿಸುತ್ತೆ, 'ನಾನು ಅಸಲಿ' ಅಂತ. ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತೆ, ಕೆಲವಕ್ಕೆ ಬರೀ 90 ದಿನ. ನಿಮ್ಮ ಕಂಪ್ಯೂಟರ್ 2012ರಲ್ಲಿ ಕೂತು ಆ ಪತ್ರ ನೋಡುತ್ತೆ. ಇದು ಇನ್ನೂ ಹುಟ್ಟೇ ಇಲ್ಲವಲ್ಲ, ಯಾರೋ ಮೋಸಗಾರ ಅಂತ ಬಾಗಿಲು ಹಾಕುತ್ತೆ. ಅದು ನಿಮ್ಮನ್ನ ಕಾಯ್ತಾ ಇದೆ ದೊಡ್ಡಪ್ಪ, ತಾರೀಖೊಂದು ತಪ್ಪು. ಮೊಬೈಲ್ ಟವರಿನಿಂದ ಹೊತ್ತು ಕೇಳ್ಕೊಳ್ಳುತ್ತೆ, ಅದಕ್ಕೇ ಅದಕ್ಕೆ ಈ ಗೋಳಿಲ್ಲ. ಪ್ಲಗ್ ಕೀಳಿ, ಪಕ್ಕದ ತಗಡು ಬಿಚ್ತೀನಿ. ಅಬ್ಬ, ಎಷ್ಟು ವರ್ಷದ ದೂಳು. ಹಲ್ಲಿ ಮೊಟ್ಟೆ ಎರಡು, ಸಿಪ್ಪೆ ಮಾತ್ರ. ಇಲ್ಲಿದೆ ನೋಡಿ, ರೂಪಾಯಿ ಬಿಲ್ಲೆ ಥರ ಹೊಳೆಯೋದು. ಸಿಆರ್ 2032. ಅಳತೆ ಹೆಸರಲ್ಲೇ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಮೂರು ವೋಲ್ಟ್ ಇರಬೇಕು. ಮೀಟರ್ ಇಡ್ತೀನಿ... ಒಂದೂವರೆಯೂ ಇಲ್ಲ.

ದೊಡ್ಡಪ್ಪ: ಇದಕ್ಕೆ ಹುಣಸೂರಿಗೆ ಹೋಗ್ಬೇಕಾ?

ಮಗಳು: ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ. ಆದರೆ ನನ್ನ ಚೀಲದಲ್ಲಿ ಯಾವಾಗಲೂ ಎರಡು ಇರುತ್ತೆ. ಈ ಕೊಕ್ಕೆ ಪಕ್ಕಕ್ಕೆ ತಳ್ಳಿದರೆ ಹಳೇದು ಮೇಲೆ ಬರುತ್ತೆ, ಬರೆದಿರೋ ಮುಖ ನಮ್ಮ ಕಡೆ ಇರೋ ಹಾಗೆ ಹೊಸದು ಒತ್ತೋದು. ತಗಡಿನ ಒಳಬದಿಗೆ ಇವತ್ತಿನ ತಾರೀಖು ಬರೆದಿಡ್ತೀನಿ, ಮುಂದಿನ ಸಲ ಬಿಚ್ಚೋರಿಗೆ ಗೊತ್ತಾಗಲಿ. ಹಚ್ಚಿ. ತಾರೀಖು, ಹೊತ್ತು ಕೂರಿಸ್ತೀನಿ. ಇದನ್ನ ಕೈಯಾರೆ ಮಾಡಬೇಕು, ಇಷ್ಟೊಂದು ವರ್ಷ ಹಿಂದೆ ಬಿದ್ದಿದ್ದರೆ ಕೆಲವು ಕಂಪ್ಯೂಟರ್ ತಾನಾಗಿ ತಿದ್ದಿಕೊಳ್ಳಲ್ಲ. ಈಗ ನೀವೇ ತೆಗೀರಿ ಪುಟ.

ದೊಡ್ಡಪ್ಪ: ಬಂತು ಕಣೇ! ಬಂತು! ಏ, ಇಲ್ಲಿ ಬಾ, ಮುದ್ದೆ ಆಮೇಲೆ ತೊಳಸಿವಂತೆ! ಒಂದು ಮಳೆಗೆ ಎರಡು ತೊಂದರೆ. ಹೆಂಚು ಸೋರಿದ್ದಕ್ಕೆ ಬೀರು ಬಂತು, ಸಿಡಿಲಿಗೆ ಹೆದರಿ ಪ್ಲಗ್ಗು ಬಂತು. ಎರಡೂ ನಾನೇ ಮಾಡಿದ್ದು.

ಮಗಳು: ಎರಡೂ ಸರಿಯಾದ ಕೆಲಸವೇ ಮಾಡಿದ್ದೀರಿ. ಸೀರೆ ಉಳೀತು, ಕಂಪ್ಯೂಟರೂ ಉಳೀತು. ಪ್ಲಗ್ ಕೀಳೋದು ಬಿಡಬೇಡಿ, ಡಬ್ಬಿಯದ್ದೂ ಕೀಳಿ. ಹೊಸ ಸೆಲ್ ಇದೆ, ಇನ್ನು ಮರೆಯಲ್ಲ.

ದೊಡ್ಡಪ್ಪ: ಆ ಕೂಗೋದು ಹೆಂಗೆ, ನಂಗೂ ಹೇಳ್ಕೊಡು. ಮೊದಲು ಡಬ್ಬಿಗೆ, ಆಮೇಲೆ ಎಂಟು ಎಂಟು ಎಂಟು ಎಂಟಕ್ಕೆ, ಆಮೇಲೆ ಹೆಸರಿಗೆ. ಅಷ್ಟೇ ಅಲ್ವಾ? ಚೀಟಿ ಬರೀತೀನಿ, ಯೂಸರ್ ನೇಮೂ ಅದರಲ್ಲೇ ಹಾಕ್ತೀನಿ.

ಮಗಳು: ಎಲ್ಲಿ ಉತ್ತರ ನಿಂತಿತು ಅಂತ ಫೋನಿನಲ್ಲಿ ಹೇಳಿದರೂ ಸಾಕು, ನಾನು ಅಲ್ಲಿಂದಲೇ ಹೇಳಿಬಿಡ್ತೀನಿ. ಕೋಟೆಯಿಂದ ಇಲ್ಲಿಗೆ ಬಂದು ಹೋಗೋದು ತಪ್ಪುತ್ತೆ.

ದೊಡ್ಡಪ್ಪ: ಬಂದು ಹೋಗೋದು ತಪ್ಪಿಸ್ಕೊಬ್ಯಾಡ, ನಿಮ್ಮ ದೊಡ್ಡಮ್ಮ ಬೈತಾಳೆ. ಈ ಹಳೇ ಸೆಲ್ಲು ಆಚೆ ಬಿಸಾಕ್ಲಾ?

ಮಗಳು: ಬೇಡ ಬೇಡ, ಅಂಗಳದಲ್ಲಿ ಪಕ್ಕದ ಮನೆ ಮಗು ಆಡುತ್ತೆ. ಸತ್ತ ಸೆಲ್ ಅಂದ್ಕೊಂಡರೂ ನುಂಗಿದರೆ ಗಂಟಲು ಸುಡುತ್ತೆ, ಎರಡು ಗಂಟೆ ಸಾಕು. ಎರಡು ಬದಿಗೂ ಟೇಪ್ ಸುತ್ತಿ ಎತ್ತರದಲ್ಲಿಡಿ, ನಾನು ಹೋಗುವಾಗ ತಗೊಂಡು ಹೋಗ್ತೀನಿ.

ದೊಡ್ಡಪ್ಪ: ಬೀರು ಮೇಲೆ ಇಟ್ಟಿರ್ತೀನಿ. ಬುಧವಾರ ಹೆಂಚು ಕೈಯಾಡಿಸೋರು ಬರ್ತಾರೆ, ಅವತ್ತು ಬೀರು ಹಳೇ ಮೂಲೆಗೆ ಹೋಗ್ಲಿ. ಗುಂಡಿ ಚೌಕಟ್ಟಿನ ಮೇಲೇ ಇರ್ಲಿ, ಅಲ್ವಾ?

ಮಗಳು: ಇರಲಿ. ಗೋಡೆ ಒಣಗೋವರೆಗಂತೂ ಇರಲಿ.